ಹೊಸ ಯಕೃತ್ತು, ಹಳೆಯ ಅಡಿಗೆಮನೆ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಮಂಡಿನೋವು, ಮಧುಮೇಹ, ರಕ್ತದ ಒತ್ತಡ ಇವುಗಳ ಸುತ್ತಲೇ ಸುಳಿಯುವುದು ವಾಡಿಕೆ. ಈ ಸಲ ಬಂದ ಒಂದು ಕಾಗದ ಬೇರೆಯ ಬಗೆಯದು. ಬರೆದವರು ನಮ್ಮ ಸಂಘದ ಒಬ್ಬ ಸದಸ್ಯೆ. ಹೆಸರು ಹಾಕುವುದು ಬೇಡವೆಂದು ಕೇಳಿಕೊಂಡಿದ್ದಾರೆ. ಅವರ ಯಜಮಾನರಿಗೆ ಎರಡು ವರ್ಷದ ಹಿಂದೆ ಯಕೃತ್ತಿನ ಕಸಿ ಆಯಿತು. ತನ್ನ ಯಕೃತ್ತಿನ ಭಾಗವನ್ನು ಕೊಟ್ಟವನು ಅವರ ಮಗನೇ. ತಂದೆ ಮಗ ಇಬ್ಬರೂ ಗುಣವಾಗಿ ಮನೆಗೆ ಬಂದರು. ಈಚೆಗೆ ವಾಡಿಕೆಯ ತಪಾಸಣೆಗೆ ಹೋದಾಗ, ಹೊಸ ಯಕೃತ್ತಿನಲ್ಲಿಯೂ ಕೊಬ್ಬು ಸೇರಿದೆಯೆಂದು ವೈದ್ಯರು ತಿಳಿಸಿದರಂತೆ. "ಮಗ ಕೊಟ್ಟದ್ದು ವ್ಯರ್ಥವಾಯಿತೆ? ನಮ್ಮವರು ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ. ನಾನು ಮಾಡಿ ಬಡಿಸಿದ್ದರಲ್ಲಿ ಏನಾದರೂ ತಪ್ಪಿತ್ತೆ?" ಎಂದು ಆ ಸೋದರಿ ಕೇಳಿದ್ದಾರೆ.

ಕೇಳಿದವರು ಒಬ್ಬರೇ ಆದರೂ ಈ ಪ್ರಶ್ನೆ ಇನ್ನು ಮುಂದೆ ಅನೇಕ ಮನೆಗಳದ್ದಾಗಲಿದೆ. ಆದುದರಿಂದ ಈ ಸಂಚಿಕೆಯ ಅಂಕಣವನ್ನು ಇದಕ್ಕೇ ಮೀಸಲಿಡುತ್ತೇವೆ. ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಗ ಕೊಟ್ಟದ್ದು ವ್ಯರ್ಥವಾಗಿಲ್ಲ. ತಪ್ಪನ್ನು ಯಾರೊಬ್ಬರ ತಲೆಗೂ ಕಟ್ಟುವಂತಿಲ್ಲ. ಆದರೆ ಬಂದಿರುವ ಎಚ್ಚರಿಕೆಯನ್ನು ಅಲಕ್ಷ್ಯ ಮಾಡುವಂತೆಯೂ ಇಲ್ಲ.

ಯಕೃತ್ತು ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ ಇರುವ ಅಂಗ. ಹಳ್ಳಿಯ ಕಡೆ ಕೆಲವರು ಈಲಿ ಎನ್ನುತ್ತಾರೆ. ಪಟ್ಟಣದವರಿಗೆ ಲಿವರ್ ಎಂದರೆ ಸಾಕು. ಪ್ರಾಯದವರಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋ. ಇದನ್ನು ಮನೆಯ ಉಗ್ರಾಣಿಗೆ ಹೋಲಿಸಬಹುದು. ನಾವು ಉಂಡದ್ದು ಕರುಳಿನಲ್ಲಿ ಜೀರ್ಣವಾದಮೇಲೆ ಅದರ ಬಹುಪಾಲು ಮೊದಲು ಹೋಗುವುದು ಇದರ ಬಳಿಗೇ. ಇಂದಿನ ಖರ್ಚಿಗೆ ಎಷ್ಟು, ನಾಳೆಗೆ ಎಷ್ಟು ಎಂದು ವಿಂಗಡಿಸುವುದು ಇದರ ಕೆಲಸ. ದಿನವೂ ಖರ್ಚಿಗಿಂತ ಹೆಚ್ಚಾಗಿ ಅನ್ನ, ಸಕ್ಕರೆ, ಎಣ್ಣೆ, ತುಪ್ಪ ಬಂದು ಬೀಳುತ್ತಿದ್ದರೆ ಉಗ್ರಾಣಿ ಏನು ಮಾಡಿಯಾನು? ಮಿಕ್ಕದ್ದನ್ನು ಕೊಬ್ಬಾಗಿ ಮಾಡಿ ತನ್ನ ಕೋಣೆಯಲ್ಲಿಯೇ ತುರುಕಿಡುತ್ತಾನೆ. ಯಕೃತ್ತಿನ ಜೀವಕೋಶಗಳಲ್ಲಿ ನೂರಕ್ಕೆ ೫ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಕಂಡುಬಂದರೆ ಅದನ್ನು ಕೊಬ್ಬುಗಟ್ಟಿದ ಯಕೃತ್ತು, ಅಂದರೆ ಫ್ಯಾಟಿ ಲಿವರ್ ಎನ್ನುತ್ತಾರೆ. ಹಲವರಲ್ಲಿ ಅದು ಅಷ್ಟಕ್ಕೇ ನಿಲ್ಲುತ್ತದೆ. ಕೆಲವರಲ್ಲಿ ಕೊಬ್ಬಿನೊಡನೆ ಉರಿಯೂತವೂ ಸೇರಿ, ಗಾಯ ಮಾಯ್ದಲ್ಲಿ ಕಲೆ ಉಳಿಯುವಂತೆ ಯಕೃತ್ತು ನಾರುಗಟ್ಟತೊಡಗುತ್ತದೆ. ವರ್ಷಗಳು ಕಳೆದಂತೆ ಅದು ಗಂಟುಗಂಟಾಗಿ ಗಡುಸಾದರೆ ಅದೇ ಸಿರೋಸಿಸ್. ಇಷ್ಟೆಲ್ಲ ನಡೆಯುವಾಗಲೂ ನೋವೆಂಬುದು ಇರುವುದಿಲ್ಲ. ಈ ರೋಗದ ಕೆಟ್ಟ ಗುಣ ಇದೇ.

ಇಲ್ಲಿ ಒಂದು ಲೋಕಾಪವಾದವನ್ನು ತೊಡೆದುಹಾಕಬೇಕು. ಯಕೃತ್ತು ಕೆಟ್ಟಿತೆಂದರೆ ಮನುಷ್ಯ ಕುಡುಕನಾಗಿರಲೇಬೇಕು ಎಂದು ನೆರೆಹೊರೆಯವರು ಪಿಸುಗುಟ್ಟುವುದುಂಟು. ಕುಡಿತದಿಂದ ಯಕೃತ್ತು ಕೆಡುವುದು ನಿಜ. ಆದರೆ ಕುಡಿಯದವರಲ್ಲಿಯೂ ಇದು ಬರುತ್ತದೆ. ೧೯೮೦ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಲುಡ್ವಿಗ್ ಮತ್ತು ಅವರ ಸಂಗಡಿಗರು ೨೦ ಮಂದಿ ರೋಗಿಗಳ ವಿಷಯವನ್ನು ಪ್ರಕಟಿಸಿದರು. ಅವರ ಯಕೃತ್ತಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕುಡುಕರದೇ ಎಂಬಂತೆ ಇತ್ತು. ವಿಚಾರಿಸಿದರೆ ಅವರು ಕುಡಿಯುವವರಲ್ಲ. ಅಂದಿನಿಂದ ಈ ರೋಗಕ್ಕೆ "ಕುಡಿತದಿಂದಲ್ಲದ" ಎಂಬ ವಿಶೇಷಣ ಅಂಟಿಕೊಂಡಿತು. ೨೦೨೩ರಲ್ಲಿ ನಾನಾ ದೇಶಗಳ ತಜ್ಞರು ಕೂಡಿ, ಶರೀರದ ಚಯಾಪಚಯದ ದೋಷಕ್ಕೆ ಸಂಬಂಧಿಸಿದ ಕೊಬ್ಬಿನ ಯಕೃತ್ತು ಎಂಬ ಅರ್ಥ ಬರುವ ಹೆಸರನ್ನು ಇಟ್ಟರು. ಬೊಜ್ಜು, ಮಧುಮೇಹ, ರಕ್ತದ ಒತ್ತಡ, ರಕ್ತದಲ್ಲಿ ಕೊಬ್ಬಿನ ಏರುಪೇರು ಇವು ಅದರ ಒಡಹುಟ್ಟುಗಳು. ೨೦೨೧ರಲ್ಲಿ ಭಾರತ ಸರಕಾರವೂ ಮಧುಮೇಹ, ಹೃದ್ರೋಗ ಮೊದಲಾದವುಗಳನ್ನು ತಡೆಯುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ರೋಗವನ್ನು ಸೇರಿಸಿಕೊಂಡಿತು.

ಇನ್ನು ಕಸಿಯ ವಿಚಾರ. ಒಬ್ಬರ ಯಕೃತ್ತನ್ನು ಇನ್ನೊಬ್ಬರಿಗೆ ಇಡುವ ಸಾಹಸವನ್ನು ಮೊದಲು ಮಾಡಿದವರು ಅಮೆರಿಕದ ಡೆನ್ವರ್ ನಗರದಲ್ಲಿದ್ದ ಡಾಕ್ಟರ್ ಥಾಮಸ್ ಸ್ಟಾರ್ಜಲ್, ೧೯೬೩ರಲ್ಲಿ. ಆ ಮಗು ಬದುಕಲಿಲ್ಲ. ಛಲ ಬಿಡದ ಅವರಿಗೆ ೧೯೬೭ರಲ್ಲಿ ಫಲ ದೊರೆಯಿತು. ಪರರ ಅಂಗವನ್ನು ಶರೀರ ಒಪ್ಪದೆ ಮೇಲೆ ಬೀಳುವುದೇ ಆಗಿನ ದೊಡ್ಡ ತೊಡಕು. ಅದನ್ನು ಅಡಗಿಸುವ ಸೈಕ್ಲೋಸ್ಪೋರಿನ್ ಎಂಬ ಔಷಧ ೧೯೮೦ರ ದಶಕದಲ್ಲಿ ಬಳಕೆಗೆ ಬಂದಮೇಲೆ ಕಸಿಯು ಪ್ರಯೋಗವೆಂಬ ಹೆಸರನ್ನು ಕಳೆದುಕೊಂಡು ಚಿಕಿತ್ಸೆಯಾಯಿತು. ಈಗ ಹೆಚ್ಚು ಬಳಕೆಯಲ್ಲಿರುವ ಟ್ಯಾಕ್ರೋಲಿಮಸ್ ೧೯೮೪ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ದೊರೆತದ್ದು. ನಮ್ಮ ದೇಶದಲ್ಲಿ ಅಂಗಗಳ ಕಸಿಗೆ ಸಂಬಂಧಿಸಿದ ಕಾಯಿದೆ ಆದದ್ದು ೧೯೯೪ರಲ್ಲಿ. ೧೯೯೮ರಲ್ಲಿ ದೆಹಲಿಯಲ್ಲಿ ಒಂದು ಎಳೆಯ ಮಗುವಿಗೆ ಅದರ ತಂದೆಯ ಯಕೃತ್ತಿನ ಭಾಗವನ್ನು ಇಟ್ಟು ಉಳಿಸಿದರು. ಇಂದಿಗೂ ನಮ್ಮಲ್ಲಿ ಆಗುವ ಯಕೃತ್ತಿನ ಕಸಿಗಳಲ್ಲಿ ಬಹುಪಾಲು ಹೀಗೆ ಮನೆಯವರೇ ಕೊಡುವಂಥವು. ಯಕೃತ್ತಿಗೆ ಮತ್ತೆ ಬೆಳೆಯುವ ಶಕ್ತಿಯಿದೆ. ಕೊಟ್ಟವರಲ್ಲಿ ಉಳಿದ ಭಾಗವೂ, ಪಡೆದವರಿಗೆ ಇಟ್ಟ ಭಾಗವೂ ಕೆಲವು ತಿಂಗಳುಗಳಲ್ಲಿ ಹೆಚ್ಚುಕಡಿಮೆ ಪೂರ್ಣ ಗಾತ್ರಕ್ಕೆ ಬರುತ್ತವೆ.

ಹಾಗಾದರೆ ಹೊಸ ಯಕೃತ್ತಿಗೆ ಕೊಬ್ಬು ಎಲ್ಲಿಂದ ಬಂತು? ಇದರಲ್ಲಿ ಎರಡು ಬಗೆ. ಮೊದಲಿನ ಯಕೃತ್ತು ಕೆಟ್ಟದ್ದೇ ಕೊಬ್ಬಿನಿಂದಾಗಿದ್ದರೆ, ಹೊಸದರಲ್ಲಿ ಅದು ಮರುಕಳಿಸುವುದು ಒಂದು. ಕಾಮಾಲೆಯ ವೈರಸ್ಸಿನಿಂದಲೋ ಬೇರಾವ ಕಾರಣದಿಂದಲೋ ಮೊದಲಿನದು ಕೆಟ್ಟಿದ್ದು, ಕಸಿಯಾದಮೇಲೆ ಕೊಬ್ಬು ಹೊಸದಾಗಿ ಸೇರುವುದು ಇನ್ನೊಂದು. ಮೊದಲ ಬಗೆಯವರಲ್ಲಿ ಕೆಲವು ವರ್ಷಗಳೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೊಬ್ಬು ಮತ್ತೆ ಕಾಣಿಸಿಕೊಳ್ಳುತ್ತದೆ. ಎರಡನೆಯ ಬಗೆಯೂ ಅಪರೂಪವಲ್ಲ.

ಕಾರಣವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಯಕೃತ್ತು ಹೊಸದು, ಶರೀರ ಹಳೆಯದು. ಉಗ್ರಾಣಿ ಬದಲಾದ, ಉಗ್ರಾಣಕ್ಕೆ ಬರುವ ಸಾಮಾನು ಬದಲಾಗಲಿಲ್ಲ. ಮಧುಮೇಹ ಇದ್ದವರಿಗೆ ಅದು ಹಾಗೆಯೇ ಇದೆ. ಹೊಟ್ಟೆಯ ಸುತ್ತ ಕೊಬ್ಬು ಸೇರಿಸಿಕೊಳ್ಳುವ ಸ್ವಭಾವ ಹಾಗೆಯೇ ಇದೆ. ಇದರ ಮೇಲೆ ಔಷಧಗಳ ಪ್ರಭಾವ ಸೇರುತ್ತದೆ. ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಹಸಿವನ್ನೂ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ಟ್ಯಾಕ್ರೋಲಿಮಸ್‌ನಿಂದ ಮಧುಮೇಹ ಹೊಸದಾಗಿ ತಲೆದೋರುವುದುಂಟು. ಸೈಕ್ಲೋಸ್ಪೋರಿನ್ ರಕ್ತದ ಒತ್ತಡವನ್ನು ಹೆಚ್ಚಿಸಬಹುದು. ಸಿರೋಲಿಮಸ್, ಎವೆರೋಲಿಮಸ್ ಎಂಬುವು ರಕ್ತದ ಕೊಬ್ಬನ್ನು ಏರಿಸಬಹುದು. ಹೊಸ ಅಂಗವನ್ನು ಕಾಯುವ ಮಾತ್ರೆಯೇ ಅದಕ್ಕೆ ಇನ್ನೊಂದು ದಾರಿಯಿಂದ ತೊಡಕು ತರುವುದು ವಿಚಿತ್ರವಾದರೂ ನಿಜ. ಅಂದಮಾತ್ರಕ್ಕೆ ಮಾತ್ರೆಯನ್ನು ತಾವಾಗಿಯೇ ಕಡಿಮೆಮಾಡುವುದು, ಬಿಡುವುದು ಸರ್ವಥಾ ಕೂಡದು. ಕೊಬ್ಬು ಯಕೃತ್ತನ್ನು ಕೆಡಿಸಲು ವರ್ಷಗಳು ಬೇಕು. ಮಾತ್ರೆ ಬಿಟ್ಟರೆ ಶರೀರ ಹೊಸ ಅಂಗವನ್ನು ತಿರಸ್ಕರಿಸಲು ಕೆಲವೇ ವಾರ ಸಾಕು. ಯಾವುದನ್ನು ಇಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದು ವೈದ್ಯರು ರಕ್ತಪರೀಕ್ಷೆ ನೋಡಿ ನಿರ್ಧರಿಸತಕ್ಕ ವಿಷಯ. ಸ್ಟಿರಾಯ್ಡನ್ನು ಸಾಮಾನ್ಯವಾಗಿ ಅವರೇ ಮೊದಲ ಕೆಲವು ತಿಂಗಳಲ್ಲಿ ಇಳಿಸುತ್ತ ಬರುತ್ತಾರೆ.

ಮೂರನೆಯ ಕಾರಣ ನಮ್ಮ ಮಮತೆ. ಕಸಿಗೆ ಮುಂಚೆ ರೋಗಿ ತಿಂಗಳುಗಟ್ಟಲೆ ಬಾಯಿಗೆ ರುಚಿಯಿಲ್ಲದೆ, ಉಪ್ಪಿಲ್ಲದ ಊಟ ಉಂಡು, ಹೊಟ್ಟೆಯಲ್ಲಿ ನೀರು ತುಂಬಿ, ಕೈಕಾಲು ಕಡ್ಡಿಯಾಗಿ ಬಳಲಿರುತ್ತಾರೆ. ಕಸಿಯಾದಮೇಲೆ ಹಸಿವು ಮರಳುತ್ತದೆ. ಸತ್ತು ಬದುಕಿದವರೆಂದು ಮನೆಯವರು ಕಣ್ಣಿನಲ್ಲಿಟ್ಟು ಸಾಕುತ್ತಾರೆ. ಇನ್ನೊಂದು ಮಿಳ್ಳೆ ತುಪ್ಪ, ಇನ್ನೊಂದು ಹೋಳಿಗೆ; ಅತ್ತೆಯ ಮನೆಯಿಂದ ಚಿರೋಟಿ, ನೋಡಲು ಬಂದವರಿಂದ ಪೇಡೆಯ ಪೆಟ್ಟಿಗೆ. "ಸುಸ್ತಾದೀತು, ಕೂತಿರಿ" ಎಂದು ಎದ್ದು ನೀರು ಕುಡಿಯಲೂ ಬಿಡುವುದಿಲ್ಲ. ಶಸ್ತ್ರಕ್ರಿಯೆಯಾದ ಮೊದಲ ಕೆಲವು ವಾರ ಪುಷ್ಟಿಯಾದ ಆಹಾರ, ಅದರಲ್ಲಿಯೂ ಸಸಾರಜನಕ, ಬೇಕೇ ಬೇಕು; ಕರಗಿದ ಮಾಂಸಖಂಡ ತುಂಬಿಕೊಳ್ಳಬೇಕಲ್ಲ. ಆದರೆ ಆ ವಾರಗಳ ಉಪಚಾರ ವರ್ಷಗಟ್ಟಲೆ ಮುಂದುವರಿದರೆ ಮೈಗೆ ಬರುವುದು ಶಕ್ತಿಯಲ್ಲ, ಬೊಜ್ಜು. ತೂಕ ಏರುವುದು ಹೆಚ್ಚಾಗಿ ಮೊದಲ ಒಂದೆರಡು ವರ್ಷಗಳಲ್ಲಿಯೇ. ಕಸಿಗೆ ಮುಂಚಿನ ತೂಕದೊಡನೆ ಹೋಲಿಸಿ "ಅಷ್ಟೇನೂ ಹೆಚ್ಚಿಲ್ಲ" ಎಂದು ಸಮಾಧಾನಪಡುವುದೂ ಸರಿಯಲ್ಲ. ಆಗಿನ ತೂಕದಲ್ಲಿ ಕಿಲೋಗಟ್ಟಲೆ ನೀರು ಸೇರಿತ್ತೆಂಬುದನ್ನು ಮರೆಯಬಾರದು.

ಇದು ಎಷ್ಟು ಗಂಡಾಂತರದ್ದು? ವಾಚಕರು ಗಾಬರಿಗೊಳ್ಳಬೇಕಾಗಿಲ್ಲ. ಕೊಬ್ಬು ಮರುಕಳಿಸಿದವರಲ್ಲಿ ಹೊಸ ಯಕೃತ್ತು ಮತ್ತೆ ಸಿರೋಸಿಸ್ಸಿನವರೆಗೆ ಹೋಗುವುದು ಕೆಲವೇ ಮಂದಿಗೆ. ಕೊಬ್ಬಿನ ಯಕೃತ್ತಿಗಾಗಿ ಕಸಿಯಾದವರು ಬೇರೆ ಕಾರಣಗಳಿಗಾಗಿ ಕಸಿಯಾದವರಷ್ಟೇ ವರ್ಷ ಬಾಳುತ್ತಿರುವುದನ್ನೂ ನೋಡಿದ್ದಾರೆ. ನಿಜವಾದ ಅಪಾಯ ಸ್ವಲ್ಪ ಮೇಲಿದೆ, ಎದೆಯಲ್ಲಿ. ಯಕೃತ್ತಿಗೆ ಕೊಬ್ಬು ತರುವ ಬೊಜ್ಜು, ಸಕ್ಕರೆ, ಒತ್ತಡಗಳೇ ಹೃದಯದ ರಕ್ತನಾಳಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತವೆ. ಕಸಿಯಾಗಿ ಬಹುಕಾಲ ಕಳೆದವರು ತೀರಿಕೊಳ್ಳುವುದಕ್ಕೆ ಮುಖ್ಯ ಕಾರಣಗಳಲ್ಲಿ ಹೃದ್ರೋಗವೂ ಒಂದು. ಯಕೃತ್ತಿನಲ್ಲಿ ಕಂಡ ಕೊಬ್ಬು ಇಡೀ ಶರೀರದ ಲೆಕ್ಕ ತಪ್ಪುತ್ತಿದೆಯೆಂದು ತಿಳಿಸುವ ಸೂಚನೆ. ಅದು ಬೇಗ ತಿಳಿದದ್ದು ಲಾಭವೇ.

ತಿಳಿಯುವುದು ಹೇಗೆಂದರೆ, ಮೈಬಣ್ಣ ನೋಡಿ ಅಲ್ಲ. ಕಣ್ಣು ಹಳದಿಯಾಗುವವರೆಗೆ ಕಾಯಬಾರದು. ರಕ್ತದಲ್ಲಿ ಮಾಡುವ ಯಕೃತ್ತಿನ ಪರೀಕ್ಷೆ ಸರಿಯಾಗಿದ್ದರೂ ಒಳಗೆ ಕೊಬ್ಬು ಇರಬಹುದು. ಹೊಟ್ಟೆಯ ಸೋನೋಗ್ರಫಿಯಲ್ಲಿ ಕೊಬ್ಬು ಸಾಕಷ್ಟು ಸೇರಿದ್ದರೆ ಕಾಣುತ್ತದೆ, ಸ್ವಲ್ಪವಿದ್ದರೆ ತಪ್ಪಿಸಿಕೊಳ್ಳುತ್ತದೆ. ಫೈಬ್ರೋಸ್ಕ್ಯಾನ್ ಎಂಬ ಯಂತ್ರ ಪಕ್ಕೆಯ ಮೇಲೆ ಮೆಲ್ಲನೆ ತಟ್ಟಿ, ಯಕೃತ್ತು ಎಷ್ಟು ಗಡುಸಾಗಿದೆ, ಕೊಬ್ಬು ಎಷ್ಟಿದೆ ಎಂದು ಅಂದಾಜು ಹೇಳುತ್ತದೆ, ನೋವಿಲ್ಲ. ಸಂದೇಹ ಉಳಿದರೆ ಸೂಜಿಯಿಂದ ಯಕೃತ್ತಿನ ಒಂದು ಎಳೆ ತೆಗೆದು ನೋಡುತ್ತಾರೆ. ಕಸಿಯಾದವರಲ್ಲಿ ತಿರಸ್ಕಾರದ ಲಕ್ಷಣವನ್ನೂ ಕೊಬ್ಬಿನ ಲಕ್ಷಣವನ್ನೂ ಬೇರ್ಪಡಿಸಿ ಹೇಳುವುದು ಅದರಿಂದಲೇ ಸಾಧ್ಯವಾಗುವ ಸಂದರ್ಭಗಳಿವೆ. ವೈದ್ಯರು ಹೇಳಿದರೆ ಹೆದರಿ ಹಿಂಜರಿಯಬೇಡಿ.

ಇನ್ನು ಮಾಡತಕ್ಕದ್ದೇನು? ಮನೆಯಲ್ಲಿ ಒಂದು ತಕ್ಕಡಿ, ಒಂದು ಅಳತೆಯ ಪಟ್ಟಿ ಇರಲಿ. ಸೊಂಟದ ಸುತ್ತಳತೆ ಗಂಡಸರಲ್ಲಿ ೯೦ ಸೆಂಟಿಮೀಟರು, ಹೆಂಗಸರಲ್ಲಿ ೮೦ ಸೆಂಟಿಮೀಟರು ಮೀರಬಾರದು. ಎತ್ತರಕ್ಕೆ ತಕ್ಕ ತೂಕದ ಮಿತಿ ನಮ್ಮ ದೇಶದವರಿಗೆ ಪಾಶ್ಚಾತ್ಯರಿಗಿಂತ ಕಡಿಮೆ. ಐದಡಿ ಐದಂಗುಲ ಎತ್ತರದವರು ಸುಮಾರು ೬೨ ಕಿಲೋ ದಾಟಿದರೆ ತೂಕ ಹೆಚ್ಚೆಂದೇ ಲೆಕ್ಕ. ೮೦ ಕಿಲೋ ತೂಗುವವರು ೪ ಕಿಲೋ ಇಳಿಸಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ. ೮ ಕಿಲೋ ಇಳಿಸಿದರೆ ಉರಿಯೂತವೂ ನಾರುಗಟ್ಟುವುದೂ ಹಿಮ್ಮೆಟ್ಟುವ ಸಂಭವವಿದೆ. ಈ ಲೆಕ್ಕ ಕಸಿಯಾಗದವರನ್ನು ಪರೀಕ್ಷಿಸಿ ತಿಳಿದದ್ದಾದರೂ, ಕಸಿಯಾದವರಿಗೂ ವೈದ್ಯರು ಹೇಳುವುದು ಇದೇ ದಾರಿ. ಅವಸರ ಬೇಡ. ಉಪವಾಸ ಬಿದ್ದು ಒಂದೇ ತಿಂಗಳಲ್ಲಿ ಇಳಿಸಹೊರಟರೆ ಕರಗುವುದು ಮಾಂಸಖಂಡ. ವಾರಕ್ಕೆ ಅರ್ಧ ಕಿಲೋ ಸಾಕು.

ನಮ್ಮ ಊಟದ ಎಲೆಯ ಲೆಕ್ಕವನ್ನು ತುಸು ತಿರುವಿದರೆ ಅರ್ಧ ಕೆಲಸವಾಯಿತು. ಈಗ ಎಲೆಯ ಮುಕ್ಕಾಲು ಅನ್ನ, ಮಿಕ್ಕ ಮೂಲೆಯಲ್ಲಿ ಪಲ್ಯ. ಎಲೆಯ ಅರ್ಧ ಪಲ್ಯ ತರಕಾರಿ, ಕಾಲು ಭಾಗ ಬೇಳೆ ಕಾಳು, ಕಾಲು ಭಾಗ ಅನ್ನವೋ ಚಪಾತಿಯೋ ಮುದ್ದೆಯೋ ಇರಲಿ. ಹುರುಳಿಕಟ್ಟಿನ ಸಾರು, ಹೆಸರುಕಾಳಿನ ಉಸಲಿ, ಸೊಪ್ಪಿನ ಹುಳಿ, ಕೆನೆ ತೆಗೆದ ಮಜ್ಜಿಗೆ ಇವೆಲ್ಲ ನಮ್ಮವೇ. ಹೊಸದಾಗಿ ಕಲಿಯಬೇಕಾದುದೇನೂ ಇಲ್ಲ. ಮಾಂಸಾಹಾರಿಗಳಿಗೆ ಮೀನು ಒಳ್ಳೆಯದು, ಕರಿಯದೆ ಸಾರು ಮಾಡಿದರೆ. ಬಿಡಬೇಕಾದದ್ದು ಸಕ್ಕರೆ ಹಾಕಿದ ಪಾನೀಯ, ಬಾಟಲಿಯ ಹಣ್ಣಿನ ರಸ, ಬೇಕರಿಯ ತಿಂಡಿ, ಸಂಜೆಯ ವಡಾಪಾವ್ ಮತ್ತು ಫರಸಾಣ. ಕಾಫಿಪ್ರಿಯರಿಗೆ ಒಂದು ಸಿಹಿಸುದ್ದಿ: ಕಾಫಿ ಕುಡಿಯುವವರಲ್ಲಿ ಯಕೃತ್ತು ನಾರುಗಟ್ಟುವುದು ಕಡಿಮೆಯೆಂದು ಹಲವು ಅಧ್ಯಯನಗಳಲ್ಲಿ ಕಂಡಿದ್ದಾರೆ. ಆದರೆ ಲೋಟಕ್ಕೆ ಎರಡು ಚಮಚೆ ಸಕ್ಕರೆ ಬಿದ್ದರೆ ಆ ಪುಣ್ಯ ಅಲ್ಲಿಗೇ ಕ್ಷಯ. ಮದ್ಯ ಒಂದು ಹನಿಯೂ ಬೇಡ. ರೋಗನಿರೋಧಕ ಶಕ್ತಿಯನ್ನು ಮಾತ್ರೆಯಿಂದ ತಗ್ಗಿಸಿರುವುದರಿಂದ ಹಸಿ ತರಕಾರಿ, ಕೋಸಂಬರಿಗಳನ್ನು ಚೆನ್ನಾಗಿ ತೊಳೆದು ಮನೆಯಲ್ಲಿಯೇ ಆಗಿಂದಾಗ ಮಾಡಬೇಕು. ಬೀದಿಯ ಪಾನಿಪುರಿಯ ನೀರಿನ ಆಸೆಯನ್ನು ಬಿಡಬೇಕು.

ವಾರಕ್ಕೆ ೧೫೦ ನಿಮಿಷದ ಚುರುಕು ನಡಿಗೆ ಬೇಕು, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಶಸ್ತ್ರಕ್ರಿಯೆಯ ಗಾಯ ಮಾಯ್ದು ವೈದ್ಯರು ಅನುಮತಿ ಕೊಟ್ಟಮೇಲೆ ಕುಳಿತೇ ಇರಲು ಕಾರಣವಿಲ್ಲ. ಭಾರ ಎತ್ತುವುದನ್ನು ಮಾತ್ರ ಅವರನ್ನು ಕೇಳಿಯೇ ಆರಂಭಿಸಬೇಕು.

ಮನೆಮದ್ದಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಹೇಳಬೇಕಾಗಿದೆ. ಯಕೃತ್ತಿಗೆ ಒಳ್ಳೆಯದೆಂದು ಕಷಾಯ, ಚೂರ್ಣ, ಬೇರುಗಳನ್ನು ತಂದುಕೊಡುವ ಹಿತೈಷಿಗಳು ನಮ್ಮಲ್ಲಿ ಬಹಳ. ೨೦೨೦ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿಯನ್ನು ಸೇವಿಸಿದ್ದ ೬ ಮಂದಿಯಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ಕಂಡು, ೨೦೨೧ರಲ್ಲಿ ಅದನ್ನು ಪ್ರಕಟಿಸಿದರು. ಅವರು ಕಸಿಯಾದವರಲ್ಲ. ಆಯುಷ್ ಇಲಾಖೆ ಆ ನಿರ್ಣಯವನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸಲೆಂದು ಮಾತ್ರೆ ನುಂಗುತ್ತಿರುವವರು ಅದನ್ನೇ ಏರಿಸುವುದೆಂದು ಹೆಸರಾದ ಬಳ್ಳಿಯನ್ನು ಕುಡಿಯುವುದರಲ್ಲಿ ಅರ್ಥವಿಲ್ಲ. ಹಾಗೆಯೇ ಗ್ರೇಪ್‌ಫ್ರೂಟ್ ಹಣ್ಣೂ ಅದರ ಬಂಧುವಾದ ನಮ್ಮ ಚಕ್ಕೋತವೂ ಟ್ಯಾಕ್ರೋಲಿಮಸ್‌ನ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ, ಅವು ಬೇಡ. ಇನ್ನು ಪತ್ರಿಕೆಗಳಲ್ಲಿ ಓದುವ ಹೊಸ ಔಷಧಗಳು: ಅಮೆರಿಕದಲ್ಲಿ ಈ ರೋಗಕ್ಕೆ ೨೦೨೪ರಲ್ಲಿ ರೆಸ್ಮೆಟಿರೋಮ್, ೨೦೨೫ರಲ್ಲಿ ಸೆಮಾಗ್ಲುಟೈಡ್ ಅನುಮತಿ ಪಡೆದವು. ಅನುಮತಿಗೆ ಆಧಾರವಾದ ಪರೀಕ್ಷೆಗಳು ನಡೆದದ್ದು ಕಸಿಯಾದವರ ಮೇಲಲ್ಲ. ಆದುದರಿಂದ ಕಸಿ ಮಾಡಿದ ವೈದ್ಯರ ಸಲಹೆಯಿಲ್ಲದೆ ಅಂಥವುಗಳಿಗೆ ಕೈಹಾಕಬಾರದು. ಮಧುಮೇಹ, ಒತ್ತಡ, ಕೊಲೆಸ್ಟರಾಲ್‌ಗಳಿಗೆ ಅವರು ಬರೆದುಕೊಟ್ಟ ಮಾತ್ರೆಗಳನ್ನು ಯಕೃತ್ತಿಗೆ ಭಾರವಾದೀತೆಂದು ತಾವೇ ನಿಲ್ಲಿಸುವುದೂ ತಪ್ಪು.

ಈಗ ಕೊಟ್ಟವರ ಮಾತು. ಯಕೃತ್ತು ಕೊಡುವವರನ್ನು ಪರೀಕ್ಷಿಸುವಾಗ ವೈದ್ಯರು ಅವರಲ್ಲಿ ಕೊಬ್ಬು ಇದೆಯೇ ಎಂದು ನೋಡುತ್ತಾರೆ. ಇದ್ದರೆ, ತೂಕ ಇಳಿಸಿಕೊಂಡು ಬನ್ನಿರೆಂದು ಹೇಳುವುದುಂಟು. ಎಷ್ಟೋ ಮಕ್ಕಳು, ಸೋದರರು, ಹೆಂಡಂದಿರು ಕೆಲವೇ ವಾರಗಳಲ್ಲಿ ಅನ್ನ ಸಿಹಿ ಬಿಟ್ಟು, ಮುಂಜಾನೆ ನಡೆದು, ಕೊಬ್ಬು ಕರಗಿಸಿಕೊಂಡು ಕೊಟ್ಟಿದ್ದಾರೆ. ಈ ಕೊಬ್ಬು ಕರಗತಕ್ಕದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಕೊಟ್ಟಾದಮೇಲೆ ಅವರನ್ನು ಯಾರೂ ವಿಚಾರಿಸುವುದಿಲ್ಲ. ತಂದೆಗೆ ಕೊಬ್ಬಿನ ಯಕೃತ್ತು ಇದ್ದರೆ ಮಗನಿಗೂ ಅದರ ಸಂಭವ ಹೆಚ್ಚು; ರಕ್ತವೂ ಒಂದೇ, ಅಡಿಗೆಮನೆಯೂ ಒಂದೇ. ಆದುದರಿಂದ ತಂದೆಯ ತಪಾಸಣೆಯ ದಿನ ಮಗನೂ ತನ್ನ ತೂಕ, ಸಕ್ಕರೆ, ಸೋನೋಗ್ರಫಿಗಳನ್ನು ವೈದ್ಯರಿಗೆ ತೋರಿಸುವುದು ಯುಕ್ತ.

ಇದರಿಂದಲೇ ಒಂದು ಮುಖ್ಯ ಮಾತು ಹೊರಡುತ್ತದೆ. ರೋಗಿಗೆ ಬೇರೆ ಅಡಿಗೆ, ಮಿಕ್ಕವರಿಗೆ ಬೇರೆ ಅಡಿಗೆ ಎಂಬ ಏರ್ಪಾಡು ಹೆಚ್ಚುಕಾಲ ನಿಲ್ಲುವುದಿಲ್ಲ. ಎಲ್ಲರೂ ಪೂರಿ ತಿನ್ನುವಾಗ ಒಬ್ಬರ ಮುಂದೆ ಮಾತ್ರ ಒಣ ಚಪಾತಿ ಇಟ್ಟರೆ ಅದು ಶಿಕ್ಷೆಯಂತೆ ಕಾಣುತ್ತದೆ. ಒಂದು ದಿನ ಕೈ ಪೂರಿಯ ಕಡೆಗೆ ಹೋಗಿಯೇ ಹೋಗುತ್ತದೆ. ಇಡೀ ಮನೆಯೇ ಒಂದೇ ಊಟ ಉಣ್ಣಲಿ. ರೋಗಿಯ ಯಕೃತ್ತು ಉಳಿಯುವುದಕ್ಕೆ ಇದು ಮದ್ದು, ಮಿಕ್ಕವರಿಗೆ ರೋಗ ಬಾರದಿರುವುದಕ್ಕೂ ಇದೇ ಮದ್ದು. ಬಯ್ದು, ಹೆದರಿಸಿ, "ಇಷ್ಟೆಲ್ಲ ಮಾಡಿದರೂ ನಿಮಗೆ ಬುದ್ಧಿ ಬರಲಿಲ್ಲ" ಎಂದು ಹಂಗಿಸುವುದರಿಂದ ಯಾರ ತೂಕವೂ ಇಳಿದದ್ದಿಲ್ಲ. ಕಸಿಯಾದವರ ಮನಸ್ಸಿನಲ್ಲಿ ಕೊಟ್ಟವರ ಋಣದ ಭಾರ ಮೊದಲೇ ಇರುತ್ತದೆ. ಅದರ ಮೇಲೆ ಇನ್ನೊಂದು ಭಾರ ಹೊರಿಸಬಾರದು. ಸಂಜೆ ಅವರೊಡನೆ ಅರ್ಧ ಗಂಟೆ ನಡೆಯಲು ಮನೆಯಲ್ಲಿ ಒಬ್ಬರು ಹೊರಟರೆ ಅದು ನೂರು ಉಪದೇಶಕ್ಕೆ ಸಮ.

ಸಂಘದ ಬಾಂಧವರಿಗೂ ಒಂದು ವಿನಂತಿ. ರಾಜ್ಯೋತ್ಸವಕ್ಕೋ ದಸರೆಗೋ ಕಲೆತು ಉಣ್ಣುವಾಗ, ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ ಮತ್ತೆ ಬಡಿಸಬೇಡಿ. ಒತ್ತಾಯವೇ ಆದರವೆಂದು ನಮ್ಮ ಹಿರಿಯರು ತಿಳಿದದ್ದು ಅನ್ನ ಅಪರೂಪವಾಗಿದ್ದ ಕಾಲದಲ್ಲಿ. ಪಂಕ್ತಿಯಲ್ಲಿ ಒಂದು ಪಲ್ಯ ಹೆಚ್ಚಾಗಿ, ಒಂದು ಸಿಹಿ ಕಡಿಮೆಯಾಗಿ ಇರಲೆಂದು ನಮ್ಮ ಊಟದ ಸಮಿತಿಗೆ ನಾವು ಬರೆದಿದ್ದೇವೆ.

ಮುಂದಿನ ಸಂಚಿಕೆಯಲ್ಲಿ ಮಧುಮೇಹಿಗಳ ಪಾದರಕ್ಷಣೆಯ ವಿಚಾರವನ್ನು ಎತ್ತಿಕೊಳ್ಳುವೆವು. ಆ ಬಗ್ಗೆ ಪ್ರಶ್ನೆಗಳಿರುವವರು ಸಂಘದ ಕಛೇರಿಗೆ ಕಾಗದ ಬರೆಯಬಹುದು; ಹೆಸರನ್ನು ಗುಟ್ಟಾಗಿಡುವೆವು.